ಹುಟ್ಟದ ಕರುವಿನ ವಾದ

ನಮ್ಮ ಸೋದರಮಾವ ಜೀವಮಾನದಲ್ಲಿ ಸೋತದ್ದು ಒಂದೇ ಒಂದು ವಾದ. ಅದೂ ನನ್ನ ಕೈಲಿ! ನೀವು ನಂಬದಿದ್ದರೆ ಬೇಜಾರಿಲ್ಲ, ನಾಗಮಂಗಲದ ಅವನ ಊರಿನವರು ಇವತ್ತಿಗೂ ನಂಬುವುದಿಲ್ಲ.

ಅರಕೆರೆಯ ನಮ್ಮ ಮನೆಗೆ ಬಂದಾಗಲೆಲ್ಲ ಜಗುಲಿಯ ಮೇಲೆ ನನ್ನನ್ನು ಕೂರಿಸಿಕೊಂಡು ಪಾಠ ಶುರುಮಾಡುತ್ತಿದ್ದ. "ಮಾತು ಗೆಲ್ಲಕ್ಕೆ ಮೂರು ಬೇಕು ಕಣವ್ವ. ಯೋಳೋನ ಮೊಕ, ಕೇಳೋನ ಕರುಳು, ಮಾತಿನ ಬೆನ್ನುಮೂಳೆ. ಇವ್ನು ಸುಳ್ಳಾಡೋನಲ್ಲ ಅಂತ ಮೊಕದಲ್ಲೇ ಕಾಣ್ಬೇಕು. ಕೇಳೋನ ಕರುಳು ಚುರುಕ್ ಅನ್ಬೇಕು. ಬೆನ್ನುಮೂಳೆ ಇಲ್ದಿದ್ರೆ ಮಾತು ನೆಟ್ಟಗೆ ನಿಲ್ಲಕಿಲ್ಲ."

ಒಮ್ಮೆ ಶ್ರೀರಂಗಪಟ್ಟಣದಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ನಮ್ಮ ಮನೆಯ ಮುಂದೆ ಸ್ಟಾಪಿಲ್ಲ. ಅಲ್ಲೇ ನಿಲ್ಲಿಸಬೇಕು ಎಂದು ಮಾವ ಹಟ ಹಿಡಿದ. ಕಂಡಕ್ಟರು ಆಗೋದಿಲ್ಲ ಎಂದರು. ಮಾವನಿಗೆ ಬೇಕಾಗಿದ್ದದ್ದೂ ಅದೇ ತಾನೆ?

"ನಾನು ನಾಗಮಂಗಲದೋನು ಸಾಮಿ. ನಮ್ಮ ಕಡೆ ಕುಡಿಯಕ್ಕೇ ನೀರು ಸಾಲ್ದು, ಸುಳ್ಳಿಗೆ ಬೆರಸಕ್ಕೆ ಎಲ್ಲಿಂದ ತರನ?" ಇದು ಮುಖ. "ಈ ಮಗ ಬೆಳಗಿಂದ ಒಂದು ತುತ್ತು ತಿಂದಿಲ್ಲ." ಇದು ಕರುಳು. (ನಾನಾಗ ಎರಡನೇ ಬೋಂಡ ತಿನ್ನುತ್ತಿದ್ದೆ.) "ನಮ್ಮನೆ ಮುಂದ್ಲ ರೋಡುಬ್ಬಿನ ಅತ್ರ ಎಂಗೂ ನಿಧಾನ ಮಾಡ್ತೀರಿ. ಆ ನಿಧಾನವ ಇನ್ನೊಸಿ ನಿಧಾನ ಮಾಡುದ್ರೆ ಅದೇ ನಿಲ್ಸೋದಲ್ವಾ?" ಇದು ಬೆನ್ನುಮೂಳೆ. ಕಂಡಕ್ಟರು ಸೋತು ಸೀಟಿ ಊದಿದರು. ಅಷ್ಟರಲ್ಲಿ ಬಸ್ಸು ನಮ್ಮೂರನ್ನೇ ದಾಟಿ ಎರಡು ಮೈಲಿ ಹೋಗಿತ್ತು. ಗೆದ್ದವರು ನಾವು, ಬಿಸಿಲಲ್ಲಿ ನಡೆದುಕೊಂಡು ವಾಪಸು ಬಂದೆವು.

ಅವನ ಗೆಲುವುಗಳಲ್ಲೆಲ್ಲ ದೊಡ್ಡದು ಕರುವಿನದು. ಅವನ ಊರಲ್ಲಿ ಒಬ್ಬರು ಗಬ್ಬದ ಹಸುವನ್ನು ತೋರಿಸಿ, ಹೆಣ್ಣುಗರು ಹಾಕಿದರೆ ನಿಮಗೇ ಎಂದು ಇನ್ನೊಬ್ಬರಿಗೆ ಮಾತು ಕೊಟ್ಟಿದ್ದರಂತೆ. ಕರು ಹುಟ್ಟಿದ ಮೇಲೆ ಅದರ ಮುದ್ದು ನೋಡಿ ಹಸುವಿನವರ ಮನಸ್ಸು ತಿರುಗಿತು. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಹುಟ್ಟದೇ ಇರುವ ಕರುವಿನ ಮೇಲೆ ಕೊಟ್ಟ ಮಾತು ಮಾತೇ ಅಲ್ಲ ಎಂದು ವಾದಿಸಿ ಮಾವ ಗೆದ್ದನಂತೆ. ಈ ಕಥೆ ಕೇಳಿದಾಗ ನನಗೆ ಹತ್ತು ವರ್ಷ, ಅವನ ತೊಡೆಯ ಮೇಲೆ ಅರೆನಿದ್ದೆ. ಆದರೂ ಆ ಮಾತು ಮಾತ್ರ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂತಿತು.

ಅದು ಉಪಯೋಗಕ್ಕೆ ಬಂದದ್ದು ನಾನು ಪಿಯುಸಿ ಪಾಸಾದ ವರ್ಷ. ನಾನು ಹುಟ್ಟುವ ಮೊದಲೇ ನಮ್ಮಜ್ಜಿ, ಎಂದರೆ ಮಾವನ ತಾಯಿ, ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು: ಹೆಣ್ಣಾದರೆ ಮಾವನ ಮಗನಿಗೇ ಕೊಡಬೇಕು. ಮಾವನಿಗೆ ಹೆಣ್ಣುಮಕ್ಕಳಿಲ್ಲ. ನಾನು ಸೊಸೆಯಾಗಿ ಬರುತ್ತೇನೆಂದು ಹಿತ್ತಲಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದ. ನನಗೋ ಮೈಸೂರಿಗೆ ಹೋಗಿ ಡಿಗ್ರಿ ಓದುವ ಹಂಬಲ. ಕೊಟ್ಟ ಮಾತಿಗೆ ತಪ್ಪೋಕಾಗಲ್ಲ ಎಂದು ಅಪ್ಪ ನನ್ನ ಬಾಯಿ ಮುಚ್ಚಿಸಿದ. ವೀಳ್ಯ ಬದಲಾಯಿಸಲು ಮಾವ, ಅತ್ತೆ ಬಂದು ಕೂತೂ ಆಯಿತು.

ಎಲೆ ಅಡಿಕೆಯ ತಟ್ಟೆ ತಂದಿಟ್ಟವಳು ಒಳಗೆ ಹೋಗಲಿಲ್ಲ.

"ಮಾವ, ನಿನ್ ಕೈಲಿ ಬೆಳೆದೋಳು ನಾನು. ಒಂದಿನ ಸುಳ್ಳಾಡಿದ್ದೀನಾ?" ಎಂದೆ. "ಓದೋ ಆಸೇನ ಒಳಗೇ ಇಟ್ಕಂಡು ನಿಮ್ಮನೇಲಿ ಒಲೆ ಉರಿಸಿದ್ರೆ, ಆ ಮುದ್ದೆ ನಿನ್ನ ಗಂಟ್ಲಲ್ಲಿ ಇಳೀತದಾ?" ಅಪ್ಪ ಎದ್ದು ನಿಂತ. ನಾನು ಮಾತು ನಿಲ್ಲಿಸಲಿಲ್ಲ. "ಮಾತು ಕೊಟ್ಟಾಗ ನಾನು ಹುಟ್ಟೇ ಇರ್ಲಿಲ್ಲ. ಹುಟ್ಟದೇ ಇರೋ ಕರದ ಮೇಲೆ ಕೊಟ್ಟ ಮಾತು ಮಾತೇ ಅಲ್ಲ ಅಂತ ಪಂಚಾಯ್ತೀಲಿ ಗೆದ್ದೋನು ನೀನೇ ಅಲ್ವಾ?"

ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಮಾವ ಕೈ ಅಡ್ಡ ಹಿಡಿದ.

"ಸೋತೆ ಕಣವ್ವ," ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, "ಬಾವ, ಮಗೀನ ಓದ್ಸು. ಮಾತು ಈಸ್ಕಂಡಿದ್ದು ನಮ್ಮವ್ವ, ಬುಡೋನು ನಾನು. ಬುಟ್ಟೆ."

ಮೂರು ವರ್ಷ ಹಾಸ್ಟೆಲಿನಲ್ಲಿ ಈ ಗೆಲುವನ್ನು ಎಷ್ಟು ಕೊಚ್ಚಿಕೊಂಡೆನೋ ಲೆಕ್ಕವಿಲ್ಲ. ಡಿಗ್ರಿ ಮುಗಿದ ಮೇಲೆ ಸಿಹಿ ಹಿಡಿದುಕೊಂಡು ಮಾವನ ಮನೆಗೆ ಹೋದೆ. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಹಸು ಚೆನ್ನಾಗಿದೆ, ಎಲ್ಲಿಯದು ಎಂದು ಕೇಳಿದೆ.

"ಅಯ್ಯೋ, ಪಂಚಾಯ್ತೀಲಿ ಗೆದ್ದ ಕರ ಇದೇ ಅಲ್ವಾ? ಹುಟ್ಟದ ಕರಕ್ಕೆ ಮಾತಿಲ್ಲ ಅಂದೋನು ಹಸೀನ ಒಡೆಯ. ಮಾತು ಈಸ್ಕಂಡಿದ್ದೋರು ನಿಮ್ಮಾವ. ಹುಟ್ಟೋಕೆ ಮುಂಚೆ ಕೊಟ್ರೂ ಮಾತು ಮಾತೇ ಅಂತ ವಾದ ಮಾಡಿ, ಗೆದ್ದು ಇಡ್ಕಂಡು ಬಂದೋರು ಇವರೇ. ಅವತ್ತು ನೀನು ತಿರುಗಾಮುರುಗಾ ಯೋಳ್ದಾಗ ಬಾಯಿ ಬುಡಕ್ಕೋದೆ. ಅವರು ಬುಡ್ಲಿಲ್ಲ."

ನನಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಮಾವ ಹಿತ್ತಲಲ್ಲಿ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದ.

"ನನ್ನ ಮಾತಿಗೆ ಬೆನ್ನುಮೂಳೇನೇ ಇರ್ಲಿಲ್ವಲ್ಲ ಮಾವ, ಯಾಕೆ ಸುಮ್ಕಿದ್ದೆ?"

ಅವನು ಚೊಂಬು ಕೆಳಗಿಟ್ಟ.

"ವಾದ ಮಾಡಿ ಒಂದು ಕರ ಇಡ್ಕಂಡು ಬಂದಿದ್ದೆ ಕಣವ್ವ. ವರ್ಸಪೂರ್ತಿ ಅದು ಹುಟ್ಟಿದ ಮನೆ ಕಡೀಕೇ ತಿರುಗಿ ನಿಂತ್ಕಂಡು ಕೂಗ್ತಿತ್ತು."