ಸಮುದ್ರಕ್ಕೆ ಬಾಗಿಲಿಟ್ಟ ಗುಡಿಸಲು

ಉಪಕಾರಕ್ಕೆ ಹೊರಟವನಿಗೆ ಕೈಗಿಂತ ಬಾಯಿ ಉದ್ದ. ಯಾರನ್ನೋ ಆಡಿಕೊಳ್ಳುತ್ತಿಲ್ಲ, ನನ್ನ ವಿಷಯವೇ ಹೇಳುತ್ತಿದ್ದೇನೆ. ತೊಂಬತ್ತರ ದಶಕದಲ್ಲಿ ನಾನು ತುಮಕೂರಿನಿಂದ ವರ್ಗವಾಗಿ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದೆ. ಒಂದು ಸಲ ಚಂಡಮಾರುತ ಬಂದು, ಹತ್ತಿರದ ಮೀನುಗಾರರ ಹಳ್ಳಿಯಲ್ಲಿ ಗುಡಿಸಲುಗಳೆಲ್ಲ ಹಾರಿಹೋದವು. ಬ್ಯಾಂಕಿನ ನಾಲ್ಕೈದು ಕನ್ನಡಿಗರು, ನೌಕಾಪಡೆಯ ಕೆಲವರು ಸೇರಿ ಭಾನುವಾರಗಳಂದು ಹೋಗಿ ಗುಡಿಸಲು ಕಟ್ಟಿಕೊಡುವುದೆಂದಾಯಿತು. ನೌಕಾಪಡೆಯವರು ಕಂಬ ನೆಟ್ಟರು, ಊರಿನವರು ತಾಳೆಗರಿ ಹೆಣೆದರು, ಉಸ್ತುವಾರಿ ನನ್ನ ಪಾಲಿಗೆ ಬಂತು. ಗೃಹಸಾಲದ ಅರ್ಜಿಗಳನ್ನು ನೋಡುತ್ತಿದ್ದವನು ನಾನು. ಮನೆ ನಕ್ಷೆಗಳ ಮೇಲೆ ಠಸ್ಸೆ ಒತ್ತಿ ಒತ್ತಿ ಅರ್ಧ ಎಂಜಿನಿಯರ್ ಆಗಿಬಿಟ್ಟಿದ್ದೆ. ಇನ್ನರ್ಧ ಬಾಕಿಯಿದೆ ಎಂದು ಆಗ ಹೊಳೆದಿರಲಿಲ್ಲ.

ಮೊದಲ ಗುಡಿಸಲು ಪೈಡಮ್ಮನೆಂಬ ಮುದುಕಿಯದು. ಆಕೆಯ ಮಗಳಿಗೆ ದಿನ ತುಂಬಿತ್ತು. ತಾಯಿ ಮಗಳು ಶಾಲೆಯ ಜಗುಲಿಯಲ್ಲಿ ಮಲಗುತ್ತಿದ್ದರು. "ಹೆರಿಗೆ ಆಗೋದ್ರೊಳಗೆ ಒಂದು ಸೂರಾದ್ರೆ ಸಾಕು ಬಾಬೂ" ಎನ್ನುವುದೊಂದೇ ಆಕೆಯ ಬೇಡಿಕೆ. ಆದರೆ ಆಕೆ ಬಾಗಿಲಿಗೆಂದು ಪಶ್ಚಿಮದ ಕಡೆ ಗೆರೆ ಎಳೆದದ್ದನ್ನು ಕಂಡಕೂಡಲೇ ನನ್ನ ಮೈಮೇಲೆ ನಮ್ಮ ತಾತ ಬಂದರು. ಅವರು ದನದ ಕೊಟ್ಟಿಗೆಗೂ ಪೂರ್ವಕ್ಕೇ ಬಾಗಿಲಿಡಿಸಿದವರು. "ಪೂರ್ವಕ್ಕಿಟ್ಟರೆ ಲಕ್ಷ್ಮಿ ಬರ್ತಾಳಮ್ಮ" ಎಂದು ನನ್ನ ಅರೆಬೆಂದ ತೆಲುಗಿನಲ್ಲಿ ಉಪದೇಶಿಸಿದೆ.

"ಪೂರ್ವಕ್ಕೆ ಸಮುದ್ರ ಬಾಬೂ, ಗಾಳಿ ಬರೋದೇ ಅಲ್ಲಿಂದ" ಎಂದಳು.

"ನನ್ನ ಮಾತು ಕೇಳಮ್ಮ" ಎಂದೆ. ಸುಮ್ಮನಾದಳು. ಒಪ್ಪಿಗೆಯಾಯಿತೆಂದುಕೊಂಡು, ಸಂಜೆಯೊಳಗೆ ಸಮುದ್ರಕ್ಕೆ ಮುಖ ಮಾಡಿದ ಗುಡಿಸಲು ಎಬ್ಬಿಸಿಯೇಬಿಟ್ಟೆವು.

ಮುಂದಿನ ಭಾನುವಾರ ಹೋದರೆ ನನ್ನ ಪೂರ್ವದ್ವಾರವೇ ಇಲ್ಲ! ಅಲ್ಲಿಗೆ ಗರಿ ತುಂಬಿ, ಹಳೇ ಬಲೆ ಬಿಗಿದು, ದೋಣಿಯ ಹಲಗೆ ಆನಿಸಿ ಮುಚ್ಚಿದ್ದರು. ಪಶ್ಚಿಮದ ಗೋಡೆ ಕೊಯ್ದು ಬಾಗಿಲು ಮಾಡಿದ್ದರು. ನನ್ನ ಮುಖ ನೋಡಿ ಪೈಡಮ್ಮನೇ ಗಾಬರಿಯಾದಳು.

"ಕೋಪ ಮಾಡ್ಕೋಬೇಡಿ ಬಾಬೂ. ಗಾಳಿ ನೇರ ಒಳಗೇ ನುಗ್ತು. ನೋವು ತಿನ್ನೋ ಹುಡುಗಿ ಮೈಮೇಲೆಲ್ಲ ಮರಳು. ಅದಕ್ಕೇ ಮುಚ್ಚಿದ್ವಿ. ನಿಮ್ಮ ಲಕ್ಷ್ಮಿಗೆ ಅಂತ ಒಂದು ಕಿಂಡಿ ಬಿಟ್ಟಿದ್ದೀನಿ, ನೋಡಿ."

ನೋಡಿದೆ. ಅಂಗೈಯಗಲದ ಕಿಂಡಿ. ಒಳಗೆ ಹಳೇ ಸೀರೆಯ ಮಡಿಕೆಯಲ್ಲಿ ಮೂರು ದಿನದ ಹೆಣ್ಣುಕೂಸು ಬೆಚ್ಚಗೆ ನಿದ್ದೆ ಮಾಡುತ್ತಿತ್ತು. ಆ ಮಗುವಿನ ಮೈಮೇಲೆ ಮರಳು ಸುರಿಸಹೊರಟಿದ್ದವನು ನಾನೇ. ಅಷ್ಟಾದರೂ ನನ್ನ ಮನಸ್ಸು ನೋಯಬಾರದೆಂದು ಕಿಂಡಿ ಬಿಟ್ಟಿದ್ದಳಲ್ಲ, ಅದಕ್ಕೆ ನಾಚಿಕೆಯ ಜೊತೆ ಕಣ್ಣಲ್ಲಿ ನೀರೂ ಬಂತು. ಉಳಿದ ಗುಡಿಸಲುಗಳ ಹತ್ತಿರ ನಾನು ಮಾಡಿದ ಉಸ್ತುವಾರಿ ಎಂದರೆ, "ಬಾಗಿಲು ಎಲ್ಲಿಡೋಣಮ್ಮ?" ಎಂದು ಕೇಳಿ ಗರಿ ಹೊತ್ತದ್ದು.

ಮನೆಗೆ ಬಂದು ಹೆಂಡತಿ ಶಾರದೆಗೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆಂಬ ಆಸೆಯಿತ್ತು.

"ಅಲ್ಲಾರೀ, ನಮ್ಮ ಈ ಬಾಡಿಗೆ ಮನೆ ಬಾಗಿಲು ದಕ್ಷಿಣಕ್ಕಿದೆಯಲ್ಲ. ಮೂರು ವರ್ಷದಲ್ಲಿ ಒಂದು ದಿನಾದ್ರೂ ಓನರ್ ಹತ್ರ ಲಕ್ಷ್ಮಿ ವಿಷಯ ಎತ್ತಿದೀರಾ?" ಎಂದಳು.

ಎತ್ತಿರಲಿಲ್ಲ. ಎತ್ತಿದ್ದರೆ ಓನರ್ "ಇಷ್ಟ ಇಲ್ದಿದ್ರೆ ಖಾಲಿ ಮಾಡಿ" ಎಂದುಬಿಡುತ್ತಿದ್ದರು. ಪೈಡಮ್ಮ ನನಗೆ ಹಾಗೆ ಹೇಳುವಂತಿರಲಿಲ್ಲ.