ಹರವೆಯಲ್ಲಿ ಮಣ್ಣು ನೋಡೋ ಶಾಸ್ತ್ರ

ಒಂದು ಕೆಲಸದಲ್ಲಿ ಆರು ತಿಂಗಳು ನಿಲ್ಲದ ನನ್ನಂಥವನನ್ನ ನಗೋ ಸಂಗತಿಗಳು ತಾವೇ ಹುಡುಕಿಕೊಂಡು ಬರುತ್ತವೆ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು, ಗುಂಡ್ಲುಪೇಟೆಯಲ್ಲಿ ಕೇರಳದ ಲಾರಿಗಳಿಗೆ ತರಕಾರಿ ಮೂಟೆ ಹೊತ್ತು, ಸಂತೆಮರಹಳ್ಳಿಯಲ್ಲಿ ಪಂಚರ್ ಹಾಕಿ, ಹೋದ ಬೇಸಿಗೆ ಮಣ್ಣು ಪರೀಕ್ಷೆಯ ಮೇಡಂ ಒಬ್ಬರ ಜೀಪು ಓಡಿಸೋಕೆ ಸೇರಿದೆ. ಹೊಲಹೊಲದ ತೇವ ನೋಡಿ, ಎಲ್ಲಿ ಯಾವ ಬೆಳೆ, ಎಲ್ಲಿ ಕೃಷಿ ಹೊಂಡ ಅಂತ ಊರಿಗೊಂದು ನಕ್ಷೆ ಬರೆಯೋದು ಅವರ ಕೆಲಸ. ಒಣಗಿದ ಹೊಲಕ್ಕೇ ಹೊಂಡ.

ಓರೆ ಸುತ್ತು

ಹರವೆಯ ಯಜಮಾನರೊಬ್ಬರಿಗೆ ಹೊಂಡದ ಆಸೆ ವಿಪರೀತ. ಬಿದ್ದ ಮಳೆಯೆಲ್ಲ ಅವರ ಹೊಲ ದಾಟಿ ಪಕ್ಕದವನ ಹಳ್ಳಕ್ಕೆ ಓಡುತ್ತಿತ್ತು. ಮೇಡಂ ಕೈಯಲ್ಲಿದ್ದ, ಮಣ್ಣಿಗೆ ಚುಚ್ಚಿ ತೇವ ಅಳೆಯೋ ಕಡ್ಡಿ ನೋಡಿ, "ಇದ್ರ ತುದೀಲಿ ಕರ್ರಗಿರದು ಏನವ್ವಾ?" ಅಂದರು.

"ಕಾರ್ಬನ್. ನಿಮ್ಮೊಲೆ ಇದ್ದಲಿನ ಜಾತಿಯೇ. ಆದರೆ ಚಾಪೆ ಸುತ್ತಿದ ಹಾಗೆ ಸುತ್ತಿರೋ ಕೊಳವೆ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದು. ಒಂದು ಥರ ಸುತ್ತಿದ್ರೆ ಕರೆಂಟು ಸಲೀಸಾಗಿ ಹರಿಯುತ್ತೆ. ಒಂಚೂರು ಓರೆಯಾದ್ರೆ, ಹಿಂದಿಂದ ನೂಕಿದ್ರೇನೇ ಹೋಗೋದು. ತೇವ ತಾಗಿದ್ರೆ ಹರಿಯೋ ರೀತಿ ಬದಲಾಗುತ್ತೆ, ಅದನ್ನ ಅಳೀತೀವಿ."

"ಗೊತ್ತಾಯ್ತು ಬುಡಿ. ಓರೆಯಾಗಿ ಸುತ್ತಿರದು ನಮ್ ಅಳಿಯ. ನೂಕ್ದಿದ್ರೆ ಉಂಡ ತಟ್ಟೇನೂ ಎತ್ತಕಿಲ್ಲ."

ಜಗಲಿ ಮೇಲೆ ಮಲಗಿದ್ದ ಅಳಿಯ ಆಗ ಮಗ್ಗುಲು ಬದಲಾಯಿಸಿದ. ಯಾರೂ ನೂಕಿರಲಿಲ್ಲ.

ಮುಖ ತೊಳೆಸಿದ್ದು

ಮರುವಾರ ಅವರ ಹೊಲಕ್ಕೆ ಕಡ್ಡಿ ಚುಚ್ಚಿದರೆ, ಸುಡು ಬೇಸಿಗೆಯಲ್ಲಿ ಗದ್ದೆಯಷ್ಟು ತೇವ! ಮೇಡಂ ಒರೆಸಿ ಮತ್ತೆ ಚುಚ್ಚಿದರು. ಅಷ್ಟೇ ತೇವ.

"ನೀರು ಚೆನ್ನಾಗಿದೆ ಯಜಮಾನ್ರೆ, ನಿಮಗೆ ಹೊಂಡ ಬೇಡ."

ಯಜಮಾನರ ಮುಖ ಇಳಿಯಿತು. ನನ್ನನ್ನು ಬದಿಗೆಳೆದು, "ಮೂರು ಟ್ಯಾಂಕರ್ ನೀರು ಉಯ್ಸಿವ್ನಿ ಕಣ್ಲಾ," ಅಂದರು.

"ಯಾಕೆ ಉಯ್ಸುದ್ರಿ?"

"ಎಣ್ಣು ನೋಡಕ್ಕೆ ಬತ್ತರೆ ಅಂದ್ರೆ ಮಖ ತೊಳಿಸ್ದೆ ಕೂರುಸ್ತರಾ?"

ನಾನು ಹೋಗಿ ಮೇಡಂಗೆ ಹೇಳಿಬಿಟ್ಟೆ. ಅವರು, "ಹದಿನೈದು ದಿನ ಬಿಟ್ಟು ಬರ್ತೀನಿ. ಅಲ್ಲೀವರೆಗೂ ಮುಖ ತೊಳೆಸಬೇಡಿ," ಅಂದರು.

ಟಾರ್ಪಾಲು

ಆ ಹದಿನೈದು ದಿನದೊಳಗೇ ಮೋಡ ಕವಿಯಬೇಕೆ! ಊರವರೆಲ್ಲ ಆಕಾಶಕ್ಕೆ ಕೈಮುಗಿಯುತ್ತಿದ್ದರೆ, ಯಜಮಾನರು ಅರಿಶಿನ ಒಣಗಿಸೋ ಟಾರ್ಪಾಲು ತಂದು ಹೊಲಕ್ಕೆ ಹೊದಿಸುತ್ತಿದ್ದರು. ಆ ದಾರಿಯಲ್ಲಿ ಬಂದ ನಾನೂ ಒಂದು ತುದಿ ಹಿಡಿದೆ.

ಬೈಕ್ ನಿಲ್ಲಿಸಿದ ಒಬ್ಬ, "ಏನ್ ಯಜಮಾನ್ರೆ, ಹೊಲ ನೆಂದೋಯ್ತದೆ ಅಂತ್ಲಾ?" ಅಂದ.

"ಊ ಕಣ್ಲಾ, ನೆಂದ್ರೆ ಅದ್ಕೆ ಶೀತ ಆಯ್ತದೆ. ಓಗು ನಿನ್ ಕೆಲ್ಸ ನೋಡ್ಕೊ."

ಮೋಡ ಅವರ ಮಾತಿಗೆ ಬೆಲೆ ಕೊಟ್ಟು ಹಂಗಳ ಊರಿನ ಕಡೆ ಹೋಯಿತು. ಊರವರು ಮೂರು ದಿನ ಯಜಮಾನರನ್ನ ಮಾತಾಡಿಸಲಿಲ್ಲ.

ಎಂಟು ದಳ

ಪರೀಕ್ಷೆಯ ದಿನ ಹೊಲ ಬಿರುಕು ಬಿಟ್ಟು ಕೂತಿತ್ತು. ಯಜಮಾನರು ಹೆಮ್ಮೆಯಿಂದ ಮುಂದೆ ಮುಂದೆ ನಡೆದವರು, ಹೋದ ಸಲ ಚುಚ್ಚಿದ ಜಾಗ ಬರುತ್ತಲೇ ಹಾಗೇ ನಿಂತುಬಿಟ್ಟರು. ಆ ಜಾಗದಲ್ಲೇ ಸಗಣಿ ನೀರಲ್ಲಿ ಸಾರಿಸಿ, ಮೇಲೆ ಎಂಟು ದಳದ ರಂಗೋಲಿ! ಪಕ್ಕದಲ್ಲಿ ಅವರ ಹೆಂಡತಿ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ.

"ಏನಮ್ಮಿ ಮಾಡ್ಬುಟ್ಟೆ!" ಯಜಮಾನರು ತಲೆ ಮೇಲೆ ಕೈ ಹೊತ್ತರು.

"ಓದಿದೋರು ಬತ್ತಾವ್ರೆ, ಧೂಳಲ್ಲಿ ಕೂರ್ಸಕ್ಕಾದದಾ?"

ಮೇಡಂ ನಗು ತಡೆದುಕೊಂಡು ಇಪ್ಪತ್ತು ಹೆಜ್ಜೆ ಆಚೆ ಹೋಗಿ ಧೂಳಿಗೇ ಚುಚ್ಚಿದರು. ತೇವದ ಸುಳಿವೇ ಇಲ್ಲ. ನಕ್ಷೆಯಲ್ಲಿ ಹೊಂಡದ ಗುರುತು ಬಿತ್ತು. ಯಜಮಾನರು ಕುಣಿಯೋದೊಂದು ಬಾಕಿ.

ಸಾರಿಸಿದ ಜಾಗ ಬಿಟ್ಟು ಧೂಳಿಗೇ ಚುಚ್ಚಿದರಲ್ಲ ಅಂತ ಆಯಮ್ಮನ ಮುಖ ಮಾತ್ರ ಗಂಟು. ಮೆಲ್ಲಗೆ ನನ್ನ ಹತ್ತಿರ ಬಂದು, "ಅಪ್ಪೋ, ಹೊಂಡ ತೋಡಕ್ಕೆ ಜೇಸಿಬಿ ಬರದ ಒಂದಿನ ಮುಂಚ್ಲೇ ಯೋಳ್ಬುಡು. ಅದು ನಿಂತ್ಕಳಷ್ಟು ಜಾಗ ಸಾರ್ಸಿ ಮಡ್ಗಿರ್ತೀನಿ," ಅಂದರು.