ಬೀಗದ ಮುಂದಿನ ರಂಗೋಲಿ

ಊರು ಚಂದ ಮಾಡುತ್ತೇನೆಂದು ಹೊರಟವರಲ್ಲಿ ನಮ್ಮ ಸೋದರಮಾವನಷ್ಟು ಗಟ್ಟಿ ಹುಚ್ಚರು ಇನ್ನೊಬ್ಬರಿಲ್ಲ! ಬೇರೆಯವರ ಬಾಗಿಲಿಗೆ, ಅದರಲ್ಲೂ ಬೀಗ ಜಡಿದ ಬಾಗಿಲಿಗೆ, ದಿನಾ ಬೆಳಿಗ್ಗೆ ನೀರು ಚಿಮುಕಿಸಿ ರಂಗೋಲಿ ಹಾಕುವ ಗಂಡಸನ್ನು ನೀವೆಲ್ಲಾದರೂ ಕಂಡಿದ್ದೀರಾ?

ಮಾವ ಇರುವುದು ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನಿನಲ್ಲಿ, ಅಂದರೆ ಕಾರ್ಮಿಕರ ಮನೆಸಾಲಿನಲ್ಲಿ. ಗಣಿ ಮುಚ್ಚಿದ ಮೇಲೆ ಸಾಲಿನ ಒಂಬತ್ತು ಮನೆಗಳಲ್ಲಿ ಏಳಕ್ಕೆ ಬೀಗ ಬಿದ್ದಿದೆ. ಆ ಏಳಕ್ಕೂ ಮಾವನೇ ಮನೆಯಾಕೆ! ಒಡೆದ ಬಕೆಟ್ಟುಗಳಲ್ಲಿ ಕನಕಾಂಬರ ಬೇರೆ.

ಒಮ್ಮೆ ಪೋಲಿಯೋ ಹನಿ ಹಾಕಲು ಬಂದ ನರ್ಸಮ್ಮ ಹಸಿ ರಂಗೋಲಿ ನಂಬಿ ಏಳೂ ಬಾಗಿಲು ಬಡಿದು ಕೈ ನೋಯಿಸಿಕೊಂಡರಂತೆ. "ಈ ಲೈನಾಗೆ ಎಷ್ಟು ಮಕ್ಳಣ್ಣಾ?"

"ನಾನೊಬ್ನೇ ಕಣಮ್ಮಾ," ಎಂದು ಮಾವ ಬಾಯಿ ತೆರೆದು ನಿಂತರಂತೆ!

ಪಕ್ಕದ ಲೈನಿನ ಹೆಂಗಸರಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಗಂಡಸಿನ ಎಳೆ ತಮ್ಮದಕ್ಕಿಂತ ನೇರವಾಗಿದೆಯೆಂದರೆ? ಅವರೂ ಚರಂಡಿಯಂಚು ಗುಡಿಸಿ ದೊಡ್ಡ ದೊಡ್ಡ ಚುಕ್ಕಿ ಇಡತೊಡಗಿದರು. "ನಮ್ಮನೆ ಮುಂದೂ ಒಂದು ಆಕಣ್ಣಾ," ಎಂದು ಒಬ್ಬಾಕೆ ಕೆಣಕಿದರೆ, "ಜನ ಇರೋ ಮನೆಗೆ ನಾನು ಆಕಲ್ಲಮ್ಮಾ. ನೀನೇ ಆಕು, ಸೊಂಟಾನಾದ್ರೂ ಬಗ್ಗುತ್ತೆ," ಎಂದರಂತೆ ಮಾವ.

ನನಗೋ ಚಿಂತೆಯೇ ಕಸುಬು. ಹೆಂಡತಿ ತೀರಿಕೊಂಡ ಮೇಲೆ ಬಂಗಾರಪೇಟೆಯಲ್ಲಿ ಒಬ್ಬನೇ ಇದ್ದೇನೆ. ಬೀಗವನ್ನು ಮೂರು ಸಲ ಜಗ್ಗಿ ನೋಡಿಯೇ ಆಫೀಸಿಗೆ ಹೊರಡುವುದು. ಒಳಗೆ ಕಾಯುವಂಥದ್ದು ಏನಿದೆಯೆಂದು ಆ ಬೀಗಕ್ಕೂ ಗೊತ್ತಿಲ್ಲ! ಮಾವ ಬಗ್ಗಿದವರು ಮೇಲೇಳದೇ ಹೋದರೆ? "ನನ್ನ ಜೊತೆ ಬಂದುಬಿಡಿ ಮಾವ," ಎಂದು ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಗೋಗರೆಯುತ್ತಿದ್ದೆ. ಎಲ್ಲ ಅವರ ಒಳ್ಳೆಯದಕ್ಕೇ, ನನಗೇನು!

"ಓಗ್ಲಾ! ಯಾವತ್ತಾದ್ರೂ ಬೀಗ ತೆಗೆಯೋಕೆ ಬಂದೋರ್ಗೆ, ನಮ್ಮನ್ನ ಯಾರೋ ಕಾಯ್ತಿದ್ರು ಅನ್ನಿಸ್ಬೇಕು ಕಣ್ಲಾ," ಎನ್ನುತ್ತಿದ್ದರು.

ಹೋದ ಭಾನುವಾರ ಜ್ವರ ಬಂದು ನಾನು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ, ಮೊದಲ ರೈಲಿಗೆ ಬಂದಿಳಿದ ಮಾವ ನನ್ನ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಎಳೆ ಎಳೆಯುತ್ತಿದ್ದರು. ನನ್ನವಳು ಹೋದಾಗಿನಿಂದ ನೀರೇ ಕಾಣದ ನೆಲ, ಒದ್ದೆಯಾಗಿ ಮಣ್ಣಿನ ವಾಸನೆ ಬರುತ್ತಿತ್ತು.

"ಜನ ಇರೋ ಮನೆಗೆ ಹಾಕಲ್ಲ ಅಂತಿದ್ರಲ್ಲ ಮಾವ?" ಎಂದು ನಗಲು ನೋಡಿದೆ.

ಮಾವ ತಲೆಯೆತ್ತಲಿಲ್ಲ. "ಊಂ ಕಣ್ಲಾ, ಆಕಲ್ಲ."

ಆಮೇಲೆ ರಂಗೋಲಿ ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು.

"ನಾಳೆಯಿಂದ ನೀನೇ ಆಕು."